ಭುವಿ ಹ್ಞೂಂ ಅಂದಳು

ಅತ್ತಿಗೆ,

ನೀವು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾವು ಹೊರಟಿರುತ್ತೇವೆ. ರೇಷ್ಮೆಹುಳ ಗೂಡು ಕಟ್ಟಲು ಇರುವ ಬಿದಿರಿನ ಚಂದ್ರಿಕೆ ಸಾಲದು, ಅಣ್ಣನ ಜೊತೆ ವಿರೂಪಾಕ್ಷಿಪುರಕ್ಕೆ ಹೋಗಿ ತರುತ್ತೇನೆ. ಲಾಕ್‌ಡೌನ್ ಅಲ್ವಾ, ಪೊಲೀಸರು ನಿಲ್ಲಿಸಿದರೆ ತಡವಾದೀತು.

ಸಾರಿಗೆ ಹುರುಳಿಕಾಳು ನೆನೆಹಾಕಿದ್ದೇನೆ.

ಮೊಬೈಲನ್ನು ಇವತ್ತು ಟ್ರಂಕಿನಲ್ಲಿಟ್ಟು ಬೀಗ ಹಾಕಬೇಡಿ. ಶಾಲೆ ಮುಚ್ಚಿದ ಮೇಲೆ ಮಗಳು ಭುವಿ ಮೊಬೈಲ್ ಹಿಡಿದು ಕೈತಪ್ಪಿ ಹೋದಳು ಎಂದು ನೀವು ಅತ್ತದ್ದು ನನಗೆ ಗೊತ್ತು. ಆದರೆ ನಿನ್ನೆ ಸಂಜೆ ನಡೆದದ್ದನ್ನು ನೀವು ನೋಡಲಿಲ್ಲ. ಅಜ್ಜಿ ಹುಳಕ್ಕೆ ಸೊಪ್ಪು ಹಾಕುತ್ತಾ ಕಥೆ ಶುರುಮಾಡಿದರು. ಭುವಿ ಮೂಲೆಯಲ್ಲಿ ಗೇಮ್ ಆಡುತ್ತಿದ್ದಳು. ಹ್ಞೂಂ ಅನ್ನುವವರಿಲ್ಲದೆ ಅಜ್ಜಿ ಕಥೆ ಮುಂದುವರಿಸುವುದಿಲ್ಲವಲ್ಲ, ರಾಜಕುಮಾರಿಯನ್ನು ಮೊಸಳೆಯ ಬೆನ್ನ ಮೇಲೇ ಬಿಟ್ಟು ಸುಮ್ಮನಾದರು. ಚಿಕ್ಕವಳಿದ್ದಾಗ ಇವರ ಕಥೆಗಳಿಗೆ ಹ್ಞೂಂಗುಟ್ಟುತ್ತಲೇ ಏಳು ಸಮುದ್ರ ದಾಟಿದವಳು ನಾನು, ಆದರೂ ಬೇಕಂತಲೇ ತುಟಿ ಬಿಚ್ಚಲಿಲ್ಲ.

ಸ್ವಲ್ಪ ಹೊತ್ತಿಗೆ ಭುವಿ ತಾನಾಗಿಯೇ ಮೊಬೈಲ್ ಕೆಳಗಿಟ್ಟು ಎದ್ದು ಬಂದಳು.

"ಹ್ಞೂಂ! ಹ್ಞೂಂ ಅಂದ್ನಲ್ಲಜ್ಜಿ, ಮುಂದುಕ್ಕೇಳು!"

"ಸೊಪ್ಪು ಮುಗೀತು ಕಣವ್ವ. ನಾಳೀಕೆ ಹೇಳ್ತೀನಿ, ಒಸಿ ಬೇಗ ಎದ್ದೇಳು."

ಹಾಗಾಗಿ ಬೆಳಗಿನ ಸೊಪ್ಪನ್ನು ಅವರಿಬ್ಬರೇ ಹಾಕಲಿ. ನಿಮ್ಮ ಕೈ ಬಲು ಚುರುಕು, ದಯವಿಟ್ಟು ಹುಳದ ಮನೆಗೆ ಹೋಗಬೇಡಿ. ರಾಜಕುಮಾರಿ ಏನಾದಳೆಂದು ಭುವಿ ಕೇಳಿದರೆ, ಗೊತ್ತಿದ್ದರೂ ಗೊತ್ತಿಲ್ಲ ಅನ್ನಿ. ಕಥೆಗಿಂತ ಮೊದಲೇ ಸೊಪ್ಪು ಮುಗಿದರೆ ತೋಟದಿಂದ ಇನ್ನೊಂದು ಹೊರೆ ತಂದು ಬಾಗಿಲಲ್ಲಿಟ್ಟು, ಸದ್ದಿಲ್ಲದೆ ಬಂದುಬಿಡಿ.

ಭಾನು