ಕಲ್ಲೆಂದರೆ ಸೂಜಿ, ಮುಟ್ಟೆಂದರೆ ಬುದ್ಧಿಮಾತು

ತುರ್ತು ಚಿಕಿತ್ಸಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮ್ಮ ವಿಭಾಗದಲ್ಲಿ ನೋವಿಗೆ ಮದ್ದು ಸಿಗಬೇಕಾದರೆ ಸುಳ್ಳು ಹೇಳಬೇಕು. ಇದು ಆರೋಪವಲ್ಲ, ಸಂಶೋಧನೆಯ ಫಲಿತಾಂಶ. ತಮ್ಮ ಅನುಮತಿ ಪಡೆಯದೆ, ತಮ್ಮದೇ ಹಾಸಿಗೆಯ ಮೇಲೆ, ಮುಟ್ಟಿನ ನೋವಿಗೆ ಯಾವ ಔಷಧ ಮೇಲು ಎಂಬ ತುಲನಾತ್ಮಕ ಅಧ್ಯಯನವೊಂದನ್ನು ನಾನು ನಡೆಸಿದ್ದೇನೆ. ಸನ್ಮಾನದ ಶಾಲು ಬೇಡ, ಓದಿದರೆ ಸಾಕು.

ಅಧ್ಯಯನಕ್ಕೆ ಒಳಪಟ್ಟವಳು ನನ್ನ ಗೆಳತಿ ಶೀಬಾ. ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಥಾನು ಬಿಚ್ಚಿ ತೋರಿಸುವವಳು. ಮದುವೆ ಸೀಸನ್ನಿನ ಜಗಳಗಂಟ ಗಿರಾಕಿಗಳಿಗೂ ಜಗ್ಗದವಳು ಮುಟ್ಟಿನ ಮೊದಲ ದಿನ ಮಾತ್ರ ಗೋಡೆ ಹಿಡಿದು ಕುಸಿಯುತ್ತಾಳೆ. ನುಂಗಿದ ಮಾತ್ರೆ ವಾಂತಿಯಲ್ಲಿ ಹೊರಬರುತ್ತದೆ. ಹಾಗಾದಾಗಲೇ ಅವಳನ್ನು ಆಟೋದಲ್ಲಿ ಹಾಕಿಕೊಂಡು ತಮ್ಮಲ್ಲಿಗೆ ಬಂದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡ್ಯೂಟಿ ಡಾಕ್ಟರು ನಕ್ಕರು. "ಎಲ್ಲಾ ಹೆಣ್ಮಕ್ಳಿಗೂ ಬರತ್ತಮ್ಮ. ಮದ್ವೆ ಆದ್ರೆ ಸರಿಹೋಗತ್ತೆ." ಗ್ಯಾಸಿನ ಮಾತ್ರೆಯೊಂದು, ಪ್ಯಾರಾಸಿಟಮಾಲ್ ಒಂದು ಕೊಟ್ಟರು. ಎರಡನ್ನೂ ಅವಳು ತಮ್ಮ ಬಕೆಟ್ಟಿಗೇ ಹಿಂದಿರುಗಿಸಿದಳು. ಪಕ್ಕದ ಹಾಸಿಗೆಯಲ್ಲಿ ಕ್ರಿಕೆಟ್ಟಾಡಿ ಕಾಲು ಉಳುಕಿಸಿಕೊಂಡ ಮಹಾಶಯನಿಗೆ ಮಾತ್ರ ಕೇಳುವ ಮೊದಲೇ ನೋವಿಳಿಸುವ ಡೈಕ್ಲೊಫೆನಾಕ್ ಸೂಜಿ ಬಿತ್ತು. ಅವನ ಕಾಲೂ ಮದುವೆಯಿಂದ ಸರಿಹೋಗಬಹುದೆಂದು ಯಾರಿಗೂ ಹೊಳೆಯಲಿಲ್ಲವೇ?

ಮುಂದಿನ ತಿಂಗಳು ಅದೇ ನೋವು, ಅದೇ ಹಾಸಿಗೆ, ಅದೇ ಡಾಕ್ಟರು. ಬಾಗಿಲಲ್ಲೇ ನಾನು ಕೂಗಿದೆ: "ಸರ್, ಕಿಡ್ನಿ ಸ್ಟೋನು!" ಆಹಾ, ಏನು ಓಡಾಟ, ಏನು ಕರುಣೆ! "ಪಾಪ, ಕಲ್ಲಿನ ನೋವು ಗಂಡಸರೇ ತಡ್ಕೊಳಲ್ಲ" ಎಂದು ಮರುಗುತ್ತಲೇ ಚುಚ್ಚಿದರು. ಅದೇ ಡೈಕ್ಲೊಫೆನಾಕ್. ಸ್ವಲ್ಪ ಹೊತ್ತಿಗೆ ಶೀಬಾ ಎದ್ದು ಕೂತು ಚಹಾ ಕೇಳಿದಳು. ಸ್ಕ್ಯಾನಿಂಗಿಗೆ ಕರೆದಾಗ ಸತ್ಯ ಒಪ್ಪಿಕೊಳ್ಳಲೇಬೇಕಾಯಿತು.

"ಮೊದ್ಲೇ ನಿಜ ಹೇಳೋಕೇನ್ರೀ ಆಗಿತ್ತು?" ಎಂದು ಡಾಕ್ಟರು ಗುಡುಗಿದರು.

"ಹೋದ್ ತಿಂಗ್ಳು ಹೇಳಿದ್ನಲ್ಲಾ ಸರ್," ಎಂದಳು ಶೀಬಾ.

ಒಬ್ಬಳ ಮೇಲಿನ ಪ್ರಯೋಗದಿಂದ ಏನೂ ರುಜುವಾತಾಗುವುದಿಲ್ಲವೆಂದು ನನಗೂ ಗೊತ್ತು. ಡೈಕ್ಲೊಫೆನಾಕ್ ಮೇಲೋ, ಹೊಟ್ಟೆಯ ಹಿಡಿತ ಬಿಡಿಸುವ ಡೈಸೈಕ್ಲೋಮಿನ್ ಮೇಲೋ, ಯಾರಿಗೆ ಅಲ್ಸರಿದೆ, ಯಾರಿಗೆ ಆಸ್ತಮಾ ಇದೆ, ಇವನ್ನೆಲ್ಲ ತೂಗಿ ನೋಡಲು ತಾವಿದ್ದೀರಿ. ಆದರೆ ತೂಗುವ ಮೊದಲು ಆ ನೋವನ್ನು ತಕ್ಕಡಿಗಾದರೂ ಹಾಕಬೇಡವೇ? ಸುಳ್ಳು ಕಾಯಿಲೆಗೆ ಚುಚ್ಚಿದ ಸೂಜಿ ಯಾರಿಗಾದರೂ ಒಗ್ಗದೆ ಹೋದರೆ ಹೊಣೆ ಯಾರು, ಇಲ್ಲದ ಆ ಕಲ್ಲೇ?

ನನ್ನ ಕುಚೇಷ್ಟೆಯ ಫಲ ಈಗ ಶೀಬಾಳ ತಲೆಗೆ ಬಂದಿದೆ. ತಮ್ಮ ಸಿಬ್ಬಂದಿಗೆಲ್ಲ ಅವಳು "ಕಲ್ಲಿನ ಹುಡುಗಿ". ಸುಳ್ಳು ಇನ್ನು ನಡೆಯದು. ನಿಜವಂತೂ ಮೊದಲೇ ನಡೆದಿಲ್ಲ. ಹಲಸೂರು ಕೆರೆಯಲ್ಲಿ ಮೊಸಳೆ ಕಚ್ಚಿತು ಅನ್ನೋಣವೇ ಎಂದು ಅವಳನ್ನು ಕೇಳಿದೆ. "ಸಾಕ್ ಗುರು ನಿನ್ ನಾಟ್ಕ. ನೀನ್ ಆಚೆ ನಿಂತ್ಕೋ. ಈ ಸಲ ನಾನೇ ಹೇಳ್ತೀನಿ, ಮುಟ್ಟು ಅಂತ," ಎಂದಳು.

ಆದ್ದರಿಂದ ಬೇಡಿಕೆ ಇಷ್ಟೇ. ಮುಟ್ಟಿನ ನೋವೆಂದು ಬಂದವಳಿಗೆ ನೋವೆಷ್ಟೆಂದು ಕೇಳಿ, ಯಾವ ಮದ್ದು ಒಗ್ಗುತ್ತದೆಂದು ನೋಡಿ, ಉಳುಕಿದ ಕಾಲಿಗೆ ಕೊಡುವಷ್ಟೇ ಬೇಗ ಕೊಡುವಂತೆ ಆದೇಶ ಹೊರಡಿಸಿ. ಬರುವ ವಾರ ಶೀಬಾ ಬರುತ್ತಾಳೆ. ನಾನು ಬಾಗಿಲಾಚೆ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ. ನನ್ನಿಂದ ಬಾಯಿ ತೆರೆಸಬೇಡಿ.

ಇಂತಿ,
ತಮ್ಮ ವಿಭಾಗದಲ್ಲೇ ಸುಳ್ಳು ಕಲಿತ
ಕಾಕ್ಸ್‌ಟೌನಿನ ಸುಕನ್ಯ