ನಮ್ಮ ಗುಡ್ಡದ ಗೋಪುರ

ವಿಲೀನಗೊಂಡ ದೂರವಾಣಿ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಸುವಾ, ಫಿಜಿ.

೧. ಅರ್ಜಿದಾರ: ಇಸಿಕೆಲಿ ರವೂವು, ಕಂಡಾವು ದ್ವೀಪದ ನವುನಿವಾಟು ಗ್ರಾಮದ ಹಿರಿಯ.
೨. ವಿಷಯ: ಸ್ಥಗಿತಗೊಳಿಸಿದ ಮೊಬೈಲ್ ಗೋಪುರ.

ಮಾನ್ಯರೇ,

ನಿಮ್ಮ ಮೊಬೈಲ್ ಕಂಪನಿಯು ಬ್ರಾಡ್‌ಬ್ಯಾಂಡ್ ಕಂಪನಿಯೊಡನೆ ಕೂಡಿಕೊಂಡ ವಾರದಲ್ಲೇ ಗೋಪುರ ಮೂಕವಾಯಿತು. ದಾದಿಯನ್ನು ಕರೆಯಲಾಗದೆ ನನ್ನ ಸೊಸೆ ಲಿತಿಯಾ ಆಸ್ಪತ್ರೆಗೆ ಹೊರಟ ದೋಣಿಯಲ್ಲಿಯೇ ಹೆತ್ತಳು. ವಿಚಾರಿಸಲು ಬಂದ ನನಗೆ ನಿಮ್ಮ ಕಚೇರಿಯ ಹುಡುಗಿ, "ತಾತಾ, ನಿಮ್ಗೆ ಮಾತು ಕೊಟ್ಟಿದ್ದು ಹಳೇ ಕಂಪ್ನಿ. ಅದೇ ಈಗಿಲ್ವಲ್ಲ, ಸುಮ್ನೆ ಮನೆಗೋಗಿ" ಎಂದಳು.

ಅಂದು, ಗೋಪುರ ನಿಲ್ಲಿಸುವ ಮುನ್ನ, ನಿಮ್ಮವರು ಮಂಡಿಯೂರಿ, ನಮ್ಮ ಪದ್ಧತಿಯಂತೆ ತಿಮಿಂಗಿಲದ ಹಲ್ಲನ್ನು ಅರ್ಪಿಸಿ ಜಾಗ ಬೇಡಿದ್ದರು. ಗೋಪುರವು ಸದಾ ಊರಿನ ಸೇವೆಯಲ್ಲಿರುವುದೆಂದಿದ್ದರು. ಕೊಟ್ಟ ಮಾತಿನ ಗುರುತಾದ ಆ ಹಲ್ಲನ್ನು ಸ್ವೀಕರಿಸಿ ಗುಡ್ಡವನ್ನು ಬಿಟ್ಟುಕೊಟ್ಟೆ. ಮದುವೆಗೆ ಮುಂಚೆ ಕೊಟ್ಟ ಮಾತುಗಳನ್ನು ನಾನು ಮದುವೆಯಾದ ಮೇಲೂ ನಡೆಸಿದ್ದೇನೆ.

ಹಲ್ಲು ನಿಮಗೆ ಮರಳಿದೆ; ಗುಡ್ಡ ನಮಗೆ ಮರಳಿತು. ಗೋಪುರವನ್ನು ಬಿಚ್ಚಿ ಕೊಂಡೊಯ್ಯತಕ್ಕದ್ದು.

ಸಹಿ: ಇಸಿಕೆಲಿ ರವೂವು

ಅಡಕ: ತಿಮಿಂಗಿಲದ ಹಲ್ಲು ಒಂದು, ನಿಮ್ಮವರೇ ಕಟ್ಟಿದ ತೆಂಗಿನ ನಾರಿನ ಹುರಿ ಸಹಿತ.