ವಾಪಸು ಬಂದ ಸಕ್ಕರೆ

ಗುತ್ತಲು, ಮಂಡ್ಯ
೪-೧೦-೧೯೪೪

ಸೌಭಾಗ್ಯವತಿ ಸಣ್ಣತಾಯಿಗೆ ನಿನ್ನ ಹೆತ್ತವಳು ಮಹದೇವಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ನಿನ್ನ ಕಡೆಯ ಸಮಾಚಾರ ನೀನು ಬರೆದರೆ ತಾನೆ ತಿಳಿಯುವುದು? ನಿನ್ನನ್ನು ಮಳವಳ್ಳಿ ಕಡೆಗೆ ಕಳಿಸಿ ಐದು ತಿಂಗಳಾಯಿತು, ಒಂದು ಕಾರ್ಡಿಲ್ಲ. ಬೈಯೋಣ ಅಂದುಕೊಂಡೆ. ಆಮೇಲೆ ನಾನೇನು ಬರೆದು ಕಡಿದು ಹಾಕಿದ್ದೇನೆ ಎಂದು ಸುಮ್ಮನಾದೆ. ನಾಲ್ಕನೇ ಕ್ಲಾಸಿಗೆ ನಿಂತ ಕೈ ಇದು, ಅಕ್ಷರ ಸೊಟ್ಟ, ಎಸ್ಸೆಸ್ಸೆಲ್ಸಿವರೆಗೆ ಓದಿದ ನೀನು ನಗುತ್ತೀಯ ಎಂಬ ಸಂಕೋಚ. ಆಮೇಲೆ ಪಿತೃಪಕ್ಷದ ಅಡಿಗೆ, ನೆಂಟರು ಇಷ್ಟರು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಕೆಂಪಿ ಕರು ಹಾಕಿದೆ, ಹೆಣ್ಣುಕರು. ಹುಟ್ಟಿದ ದಿನವೇ ಹಟ ಶುರುಮಾಡಿತು, ಥೇಟ್ ನೀನೇ. ನಿನ್ನ ಅಜ್ಜಿಗೆ ಕೆಮ್ಮು ಬಿಟ್ಟಿಲ್ಲ, ಬಾಯಿಯೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಎದ್ದರೆ "ಲೇ ಮಾದೇವಿ, ನಮ್ ಕೂಸು ಯಾವಾಗ್ಲೇ ಬತ್ತದೆ?" ಎಂದು ಒಂದೇ ರಾಗ. ನಿಮ್ಮಪ್ಪ ರಜದ ದಿನ ವಿ.ಸಿ. ಫಾರಂಗೆ ಹೋಗಿ ರಾಗಿ ಬಿತ್ತನೆ ಬೀಜ ತಂದು ಹಾಕಿದ್ದರು, ತೆನೆ ಚೆನ್ನಾಗಿ ಕಟ್ಟಿದೆ.

ಬರೆದ ಕಾರಣ ಇದು. ಇನ್ನು ಹದಿಮೂರು ದಿನಕ್ಕೆ ದೀವಳಿಗೆ. ಮದುವೆಯಾದ ಮೊದಲನೇ ದೀವಳಿಗೆಗೆ ಮಗಳು ಅಳಿಯ ತವರಿಗೆ ಬರದಿದ್ದರೆ ನೋಡಿದವರು ಏನೆಂದಾರು? ಈ ಯುದ್ಧದ ಕಾಲದಲ್ಲಿ ಬಟ್ಟೆ ಸಿಗುವುದೇ ಕಷ್ಟ, ಆದರೂ ನಿಮ್ಮಪ್ಪ ಎಲ್ಲೆಲ್ಲೋ ಅಲೆದು ಅಳಿಯಂದಿರಿಗೆ ಒಂದು ಜೊತೆ ಪಂಚೆ ತಂದಿಟ್ಟಿದ್ದಾರೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಇದ್ದಿಲಿನ ಬಸ್ಸು, ಎಲ್ಲೆಂದರಲ್ಲಿ ನಿಲ್ಲುತ್ತದೆ, ಬೆಳಿಗ್ಗೆಯೇ ಹೊರಡಿ.

ಗೌರಿಹಬ್ಬಕ್ಕೆ ನಿನ್ನ ಸೋದರಮಾವ ಚಿಕ್ಕಬೋರಯ್ಯನ ಕೈಲಿ ಬಾಗಿನ ಕಳಿಸಿದೆನಲ್ಲ, ಅದರಲ್ಲಿ ಸಕ್ಕರೆ ಪೊಟ್ಟಣ ಒಂದು ಮಾತ್ರ ವಾಪಸು ಬಂತು. "ಅಕ್ಕ, ಸೀರೆ ಬಳೆ ಎಲ್ಲಾ ಇಸ್ಕಂಡ್ಳು. ಇದ್ನ ಮಾತ್ರ ಅಲ್ಲಿಗೇ ತಕ್ಕಂಡೋಗು ಮಾವ ಅಂದ್ಲು. ಯಾಕಮ್ಮಿ ಅಂದ್ರೆ ಎದ್ದು ಒಳಿಕ್ಕೋದ್ಳು ಕಣಕ್ಕ" ಎಂದ. ಹೋದ ಮನೆಯಲ್ಲಿ ಸಕ್ಕರೆಗೆ ಅಷ್ಟು ಅನುಕೂಲವಿದೆಯೇನೋ ಎಂದುಕೊಂಡೆವು.

ಹಳೆಯದನ್ನು ನೆನೆದು ಬರಲು ಹಿಂಜರಿಯುತ್ತಿದ್ದರೆ ಅದನ್ನು ಬಿಡು. ಆ ರೇಷನ್ ಡಿಪೋದಲ್ಲಿ ತೂಗುವ ಮರಿಸಿದ್ದಯ್ಯ ಹದ್ದುಮೀರಿದ್ದು ನಿಜ. ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗ ನಿನ್ನ ಚೀಲದ ಸಕ್ಕರೆಯ ಮೇಲೆ ಸಂಪಿಗೆ ಹೂ ಇಟ್ಟು, "ಈಗ ತೂಕದ್ ಮ್ಯಾಲೆ ಒಂದಿಡಿ ಕೊಸ್ರು. ನಾಳೆ ನಮ್ಮನೆಗೆ ಬಂದ್ಮ್ಯಾಲೆ ಮೂಟೇನೇ ಇವ್ಳ್ದು" ಎಂದನಂತೆ, ಅವನ ಬಾಯಿ ಸೇದುಹೋಗ! ನೀನು ಚೀಲವನ್ನು ಅವನ ತಕ್ಕಡಿಯ ಮೇಲೆಯೇ ಬೋರಲು ಹಾಕಿ ಬಂದೆ. ಅಷ್ಟಕ್ಕೇ ಮುಗಿಯಬೇಕಿತ್ತು. ಸಾಲಿನಲ್ಲಿದ್ದ ಮಂಚಮ್ಮ ಸಂಜೆಯೊಳಗೆ ಕೇರಿಗೆಲ್ಲ ಹಂಚಿದಳು: "ಇಷ್ಟ್ ದಿನ ಕೊಸ್ರು ಇಸ್ಕಂಡು ಇಸ್ಕಂಡು ಈಗೇನವ್ವ ಇವ್ಳ್ದು ಕ್ವಾಪ?" ನಿಮ್ಮಪ್ಪನ ಕಿವಿಗೆ ಬಿದ್ದದ್ದೂ ಹಾಗೆಯೇ. ಪರೀಕ್ಷೆಗೆ ಇಪ್ಪತ್ತು ದಿನವಿತ್ತು. ಸ್ಕೂಲು ಬಿಡಿಸಿದರು, ವೈಶಾಖದಲ್ಲಿ ಧಾರೆಯೆರೆದರು. ನೀನು ಮೊದಲೇ ನನ್ನ ಕಿವಿಗೆ ಒಂದು ಮಾತು ಹಾಕಿದ್ದರೆ ಇಷ್ಟಕ್ಕೆಲ್ಲ ಬರುತ್ತಿತ್ತೇ? ಹೋಗಲಿ, ಆದದ್ದು ಆಯಿತು. ಈಗ ಕೇರಿಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಅತ್ತೆ ಹೇಳಿದ ಹಾಗೆ ಕೇಳಿಕೊಂಡಿರು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ಹಾಲುಕ್ಕಲಿ, ನಿನ್ನ ಮಡಿಲು ತುಂಬಲಿ.

ನಿನ್ನ ದಾರಿ ಕಾಯುವ,
ಮಹದೇವಮ್ಮ

ಮರೆತ ಮಾತು: ಮರೆತದ್ದಲ್ಲ ತಾಯಿ. ಮೇಲಿನದನ್ನೆಲ್ಲ ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಓದಿ, ಸರಿಯಾಗಿದೆ ಎಂದು ಕಾರ್ಖಾನೆಯ ಪಾಳಿಗೆ ಹೋದರು. ಇದನ್ನು ಅವರು ಹೋದ ಮೇಲೆ ಬರೆಯುತ್ತಿದ್ದೇನೆ.

ನೀನು ಹೇಳಿದ್ದೆ. ಒಂದು ಸಲವಲ್ಲ, ಮೂರು ಸಲ. ಮೊದಲ ಸಲ ರಾಗಿ ಬೀಸುವಾಗ, "ಅವ್ವ, ನಾನಿನ್ ಡಿಪೋಗ್ ಓಗಕಿಲ್ಲ. ಆ ತೂಕದೋನು ಕೊಸ್ರು ಬ್ಯಾಡ ಅಂದ್ರೂ ಕೇಳಕಿಲ್ಲ, ನಗ್ತಾನೆ" ಎಂದೆ. "ನಕ್ರೆ ಏನ್ ಸವ್ದೋಯ್ತೀಯಮ್ಮಿ? ತಲೆ ಬಗ್ಗಿಸ್ಕಂಡು ಇಸ್ಕಂಡ್ ಬಾ" ಎಂದೆ ನಾನು. ಎರಡನೇ ಸಲ ಹೇಳುವಾಗ ನೀನು ಅತ್ತುಬಿಟ್ಟೆ. ಮೂರನೇ ಸಲ, ನನ್ನ ಜೊತೆಗೆ ನೀನೂ ಬಾ ಅವ್ವ ಎಂದೆ. ನನಗೆ ಕೆಲಸವಿದೆ ಎಂದು ನಾನು ಚೀಲ ನಿನ್ನ ಕೈಗೆ ಕೊಟ್ಟೆ. ನಾನು ಹೋದರೆ ಕೊಸರು ಬೀಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಅವನು ಬೇರೆಯವರ ತೂಕದಲ್ಲಿ ಉಳಿಸಿ ನಿನ್ನ ಚೀಲಕ್ಕೆ ಸುರಿಯುತ್ತಿದ್ದ. ಸಕ್ಕರೆ ಕಾರ್ಖಾನೆ ಇರುವ ಊರಿನಲ್ಲೇ ಕೇರಿಯವರೆಲ್ಲ ಬೆಲ್ಲದ ಕಾಫಿ ಕುಡಿಯುವಾಗ ನಮ್ಮ ಮನೆಯಲ್ಲಿ ತಿಂಗಳ ಕೊನೆವರೆಗೂ ಸಕ್ಕರೆ ಕಾಫಿ. ಬಂದವರು "ನಿಮ್ಮನೇಲಿ ಅದೆಂಗ್ ಉಳೀತದೆ ಮಾದೇವಮ್ಮ?" ಅಂದರೆ ನಾನು ಹಿಗ್ಗುತ್ತಿದ್ದೆ. ಚೀಲದ ತಳದಲ್ಲಿ ಬಾಡಿದ ಸಂಪಿಗೆ ಎರಡು ಸಲ ಸಿಕ್ಕಿತ್ತು. ಯಾರಿಗೂ ಕಾಣದ ಹಾಗೆ ಹಿತ್ತಿಲಿಗೆ ಎಸೆದೆ, ಮುಂದಿನ ಶನಿವಾರ ಮತ್ತೆ ನಿನ್ನನ್ನೇ ಕಳಿಸಿದೆ. ಹೆತ್ತವಳು ಮಾಡುವ ಕೆಲಸವೇ ಇದು?

ಅವತ್ತು ನೀನು ಬರಿಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಯಲ್ಲಿ ಮೊದಲು ಬಂದ ಮಾತು "ಸಕ್ರೆ ಎಲ್ಲಮ್ಮಿ?" ಸಂಜೆ ನಿಮ್ಮಪ್ಪ, "ಅವ್ನು ಇಷ್ಟ್ ದಿನ ಇಂಗೆಲ್ಲಾ ಆಡ್ತಿದ್ರೆ ನಿಮ್ಮವ್ವುಂಗಾರ ಯೋಳ್ಬಾರ್ದಾಗಿತ್ತಾ? ನೀನೂ ಒಪ್ಪೇ ಇಸ್ಕಂತಿದ್ದಾ?" ಎಂದು ಕೂಗಾಡಿದಾಗ ನೀನು ನನ್ನ ಮುಖ ನೋಡಿದೆ. ನಾನು ಒಲೆಯ ಕಡೆ ತಿರುಗಿ ಸೌದೆ ಮುಂದಕ್ಕೆ ತಳ್ಳಿದೆ. ಇವಳು ಹೇಳಿದ್ದಳು, ನಾನೇ ಕಳಿಸಿದೆ ಎಂದು ಆಗ ನಾನು ಅಂದಿದ್ದರೆ ನೀನು ಪರೀಕ್ಷೆಗೆ ಕೂರುತ್ತಿದ್ದೆ. ಟೀಚರಮ್ಮ ಆಗಬೇಕೆಂದು ನೀನು ಎಷ್ಟು ಆಸೆಪಟ್ಟಿದ್ದೆ. ನೀನಾದರೂ ಬಾಯಿಬಿಟ್ಟು ಹೇಳಬಹುದಿತ್ತು, ನಿಮ್ಮಪ್ಪನಿಂದ ನಾನು ಏಟು ತಿಂದೇನೆಂದು ನೀನು ಹೇಳಲಿಲ್ಲ. ಅದು ನನಗೆ ಅವತ್ತೇ ಅರ್ಥವಾಯಿತು.

ಈಗ ನಾನೇ ಡಿಪೋಗೆ ಹೋಗುತ್ತೇನೆ. ಮರಿಸಿದ್ದಯ್ಯ ಅಲ್ಲೇ ಇದ್ದಾನೆ, ಅವನಿಗೆ ಯಾರೂ ಏನೂ ಅನ್ನಲಿಲ್ಲ. ಬಾಗಿನಕ್ಕೆ ಹಾಕಿದ್ದು ಅವನು ತೂಗಿಕೊಟ್ಟ ಸಕ್ಕರೆಯೇ. ಹಾಕುವಾಗ ನನಗೆ ಹೊಳೆಯಲಿಲ್ಲ ನೋಡು. ವಾಪಸು ಬಂದ ಪೊಟ್ಟಣ ಗೂಡಿನಲ್ಲಿ ಹಾಗೇ ಇದೆ, ಬಿಚ್ಚಲು ಕೈ ಬರುವುದಿಲ್ಲ.

ಇದನ್ನು ಓದಿ ಒಲೆಗೆ ಹಾಕು ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ, ಅಂಚಿನಲ್ಲಿ ಕಾಣುತ್ತದೆ. ಹಾಕಬೇಡ. ಅಳಿಯಂದಿರಿಗೆ ಓದಿ ಹೇಳು. ದೀವಳಿಗೆಗೆ ಬಂದಾಗ ಕಾಗದ ಜೊತೆಯಲ್ಲೇ ತಾ, ನಿಮ್ಮಪ್ಪನ ಎದುರಿಗೆ ನೀನೇ ಗಟ್ಟಿಯಾಗಿ ಓದು. ಈ ಸಲ ನಾನು ಒಲೆಯ ಕಡೆ ತಿರುಗುವುದಿಲ್ಲ.